ನಾಲ್ಕನೇ ಮಹಡಿಯ ಬಿ.ಎಸ್ಸಿ. ಅಗ್ರಿ

ಮನೆಯಲ್ಲಿ ಒಬ್ಬರು ಕೃಷಿ ಪದವಿಗೆ ಸೇರಿದರೆ ಉಳಿದವರೂ ಅರ್ಧ ಓದಿದ ಹಾಗೆಯೇ. ಅದೂ ಕುವೈತ್‌ನಲ್ಲಿದ್ದರಂತೂ ದಿನಕ್ಕೊಂದು ಫಜೀತಿ ಖಾತ್ರಿ. ನಾವು ಬಾಗಲಕೋಟೆ ಕಡೆಯವರು, ನನ್ನ ಯಜಮಾನರು ಇಲ್ಲಿ ಎಂಜಿನಿಯರ್. ಮಗಳು ಹುಟ್ಟಿ ಬೆಳೆದದ್ದು ಫರ್ವಾನಿಯಾದ ಫ್ಲ್ಯಾಟಿನ ನಾಲ್ಕನೇ ಮಹಡಿಯಲ್ಲಿ. ಕಾಲಿಗೆ ಮಣ್ಣು ಹತ್ತುತ್ತಿದ್ದದ್ದು ರಜೆಗೆ ಊರಿಗೆ ಹೋದಾಗ ಮಾತ್ರ. ಅಂಥವಳು ಹನ್ನೆರಡನೇ ಕ್ಲಾಸು ಮುಗಿಸಿ, "ಐ ವಾಂಟ್ ಟು ಡೂ ಅಗ್ರಿ" ಅಂದಳು. ಅವರಪ್ಪ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಊರ ಕಡೆಯ ಕೃಷಿ ಕಾಲೇಜಿಗೆ ತಾವೇ ಅರ್ಜಿ ತುಂಬಿದರು.

೧. ಕರಿಬೇವಿನ ಡಾಕ್ಟರು

ಸೀಟು ಸಿಕ್ಕಿದ ಸುದ್ದಿ ಕೇಳಿ ಎದುರು ಮನೆಯ ಉಡುಪಿಯ ಅಕ್ಕ, ಈ ಮರಳಲ್ಲಿ ಅವಳು ಎಂತ ಬೆಳೆಸುವುದು ಎಂದು ನಕ್ಕಿದ್ದರು. ಎರಡು ತಿಂಗಳು ಕಳೆದಿರಲಿಲ್ಲ, ಅವರೇ ಮೊಬೈಲ್ ಹಿಡಿದು ಬಂದರು. ಬಾಲ್ಕನಿಯಲ್ಲಿ ಪೇಂಟ್ ಡಬ್ಬದಲ್ಲಿ ಸಾಕಿದ ಕರಿಬೇವಿನ ಗಿಡ ಒಣಗುತ್ತಿದೆ, ಮಗಳಿಗೆ ವಿಡಿಯೋ ಕಾಲ್ ಮಾಡಿ ತೋರಿಸಬೇಕಂತೆ. ಮಗಳು ಕಾಲೇಜಿಗೆ ಸೇರಿ ಇಪ್ಪತ್ತು ದಿನ. ಆದರೂ ಗಂಭೀರವಾಗಿ, ಎಲೆ ತೋರಿಸಿ, ಬುಡ ತೋರಿಸಿ ಅಂದಳು. ಕೊನೆಗೆ ಕಂಡುಹಿಡಿದಳು. ಎ.ಸಿ.ಯ ಹೊರಗಿನ ಪೆಟ್ಟಿಗೆಯಿಂದ ಬರುವ ಬಿಸಿಗಾಳಿ ನೇರ ಗಿಡಕ್ಕೇ ಬಡಿಯುತ್ತಿತ್ತು. ಗಿಡ ಬದುಕಬೇಕಾದರೆ ಆ ಗಾಳಿ ತಪ್ಪಬೇಕು ಎಂದಳು.

ಹದಿನೈದು ದಿನ ಬಿಟ್ಟು ವಿಚಾರಿಸಿದೆ.

"ಬಿಸಿಲು ಬರುವುದು ಅದೊಂದೇ ಜಾಗಕ್ಕೆ ಮಾರಾಯ್ರೆ. ಹಾಗಾಗಿ ಹಗಲು ಎ.ಸಿ.ಯೇ ಬಂದ್ ಮಾಡಿದ್ದೇನೆ" ಅಂದರು ಅಕ್ಕ.

ಅವರ ಯಜಮಾನರಿಗೆ ಹೋಟೆಲಿನಲ್ಲಿ ರಾತ್ರಿ ಪಾಳಿ, ಮಲಗುವುದೇ ಹಗಲು. ಗಿಡ ಚಿಗುರಿತು. ಯಜಮಾನರು ಬಾಡಿದರು.

೨. ಹಿಡಿದ ಸ್ಥಳ

ಎರಡನೇ ವರ್ಷದ ರಜೆಗೆ ಬಂದಾಗ ಮೂವತ್ತು ಬಗೆಯ ಕೀಟ ಹಿಡಿದು, ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿ ನಿಲ್ಲಿಸಿ ಕಾಲೇಜಿಗೆ ಒಪ್ಪಿಸುವ ಕೆಲಸ ಹೊತ್ತು ತಂದಿದ್ದಳು. ಅದಕ್ಕೆ ಮಾರ್ಕ್ಸ್ ಇತ್ತು. ಕುವೈತ್‌ನ ಬೇಸಿಗೆಯಲ್ಲಿ ಚಿಟ್ಟೆ ಎಲ್ಲಿಂದ ಬರಬೇಕು? ಐದು ಸಂಜೆ ಬಲೆ ಹಿಡಿದು ಪಾರ್ಕ್ ಸುತ್ತಿದರೂ ಸಿಕ್ಕಿದ್ದು ನಾಲ್ಕು ನೊಣ. ಅವಳ ಮುಖ ಸಣ್ಣಗಾದದ್ದು ನೋಡಲಾರದೆ ನಾನು ಬಿಲ್ಡಿಂಗಿನ ಕನ್ನಡ ಹೆಂಗಸರ ವಾಟ್ಸಾಪ್ ಗುಂಪಿಗೆ ಬರೆದೆ: ಯಾವ ಹುಳ ಕಂಡರೂ ಕೊಲ್ಲಬೇಡಿ, ನಮ್ಮ ಮನೆಗೆ ತನ್ನಿ.

ಸಂಜೆಯೊಳಗೆ ಹನ್ನೊಂದು ಉಪ್ಪಿನಕಾಯಿ ಬಾಟಲಿ ಬಂದವು. ಹನ್ನೊಂದರಲ್ಲೂ ಜಿರಲೆ. ತಂದವರೆಲ್ಲರದೂ ಒಂದೇ ಮಾತು, ನಮ್ಮ ಮನೆಯದಲ್ಲ, ಕಾರಿಡಾರಿನಲ್ಲಿ ಸಿಕ್ಕಿತು ಎಂದು.

"ಮಮ್ಮಿ, ದೀಸ್ ಆರ್ ಆಲ್ ಒನ್ ಸ್ಪೀಷೀಸ್" ಅಂದಳು ಮಗಳು. ಅಂದರೆ ಎಲ್ಲ ಸೇರಿ ಒಂದೇ ಲೆಕ್ಕ.

ಅದೇ ಬೇಸರದಲ್ಲಿ ಉಪ್ಪಿಟ್ಟಿಗೆಂದು ರವೆ ಡಬ್ಬಿ ತೆಗೆದವಳು ಕಿರುಚಿದಳು, ಸಂತೋಷಕ್ಕೆ. ಆಮೇಲೆ ನನ್ನ ಡಬ್ಬಿಗಳೆಲ್ಲ ಒಂದೊಂದಾಗಿ ಕೆಳಗಿಳಿದವು. ರವೆಯಲ್ಲಿ ಒಂದು ಜಾತಿ, ಜೋಳದಲ್ಲಿ ಇನ್ನೊಂದು, ಹೆಸರುಕಾಳಿನಲ್ಲಿ ಮತ್ತೊಂದು, ಖರ್ಜೂರದಲ್ಲಿ ಒಂದು ಪತಂಗ. ಉಳಿದ ಡಬ್ಬಿಗಳಲ್ಲಿ ಇನ್ನೆರಡು. ಒಟ್ಟು ಆರು. ನನಗೆ ನಾಚಿಕೆ, ಅವಳಿಗೆ ಹಬ್ಬ.

ಉಳಿದವನ್ನು ಊರಲ್ಲೇ ಹಿಡಿದಳು. ಪ್ರತಿ ಕೀಟದ ಕೆಳಗೆ ಅದು ಸಿಕ್ಕ ಜಾಗ ಬರೆದ ಚೀಟಿ ಇರಬೇಕೆಂಬುದು ನಿಯಮ. ಪರೀಕ್ಷೆಯ ದಿನ ಪ್ರೊಫೆಸರು ಇಡೀ ಕ್ಲಾಸಿನ ಮುಂದೆ ಗಟ್ಟಿಯಾಗಿ ಆರು ಸಲ ಓದಿದರಂತೆ: "ಅಮ್ಮನ ಅಡುಗೆಮನೆ, ಫರ್ವಾನಿಯಾ, ಕುವೈತ್."

೩. ಪಾಲಕ್

ಓದು ಹೆಚ್ಚಾದಂತೆ ಅವಳೊಡನೆ ತರಕಾರಿಗೆ ಹೋಗುವುದೇ ಕಷ್ಟವಾಯಿತು. ಒಮ್ಮೆ ಫಹಾಹೀಲ್ ಮಾರ್ಕೆಟ್ಟಿನಲ್ಲಿ ಪಾಲಕ್ ಕಟ್ಟು ಎತ್ತಿ, ಈ ಬಿಳಿ ಗೆರೆ ಹುಳ ಕೊರೆದ ದಾರಿ, ಈ ಬೂದಿ ಬಣ್ಣ ಬೂಷ್ಟು ರೋಗ ಎಂದು ಇಂಗ್ಲಿಷಿನಲ್ಲಿ ನನಗೆ ಪಾಠ ಶುರು ಮಾಡಿದಳು. ಹಿಂದೆ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಕಟ್ಟು ವಾಪಸ್ ಇಟ್ಟರು. ಬಂಗಾಲಿ ಅಂಗಡಿಯವನು ಸಿಟ್ಟಾಗಲಿಲ್ಲ. ಎರಡು ಒಳ್ಳೆಯ ಕಟ್ಟು ಆರಿಸಿ ನಮ್ಮ ಚೀಲಕ್ಕೆ ಹಾಕಿ, ದುಡ್ಡು ಬೇಡ ಎಂದ. ಆಮೇಲೆ ಎದುರಿನ ಅಂಗಡಿಯತ್ತ ಕೈ ತೋರಿಸಿದ: "ಡಾಕ್ಟರ್ ಸಾಬ್, ಅಬ್ ಉಧರ್ ಭೀ ಚೆಕ್ ಕರೋ."

೪. ವಫ್ರಾದ ವೈವಾ

ಮೂರನೇ ವರ್ಷದ ರಜೆಯಲ್ಲಿ, ಕುವೈತ್‌ನ ದಕ್ಷಿಣ ಗಡಿಯ ತೋಟಗಳ ಊರು ವಫ್ರಾದ ಒಂದು ಗ್ರೀನ್‌ಹೌಸಿನಲ್ಲಿ ಒಂದು ತಿಂಗಳು ತರಬೇತಿ. ಬಸ್ಸು ಅಪರೂಪ, ನಾನೇ ಕಾರಿನಲ್ಲಿ ಬಿಡುತ್ತಿದ್ದೆ. ಅಲ್ಲಿಯ ಸೂಪರ್‌ವೈಸರ್ ಗೋಕಾಕ ಕಡೆಯ ಒಬ್ಬ ಕಾಕಾ. ಓದಿದ್ದು ಏಳನೇ ತರಗತಿ, ಹದಿನೆಂಟು ವರ್ಷದಿಂದ ಅಲ್ಲೇ ಇದ್ದು ಸೌತೆ, ಟೊಮೆಟೊ ಬೆಳೆಸುತ್ತಿದ್ದರು.

ಕೊನೆಯ ದಿನ ಪ್ರೊಫೆಸರು ವಿಡಿಯೋ ಕಾಲಿನಲ್ಲಿ ಮೌಖಿಕ ಪರೀಕ್ಷೆ ಮಾಡುವವರಿದ್ದರು. ತರಬೇತಿಯ ಮಾರ್ಕ್ಸೆಲ್ಲ ಅದರ ಮೇಲೇ. ನಾನೂ ಅಂದು ಅಲ್ಲೇ ಉಳಿದೆ. ಕ್ಯಾಮೆರಾಗೆ ಚೆನ್ನಾಗಿ ಕಾಣಲೆಂದು ಕಾಕಾ ಅವಳ ಹಿಂದೆ ಸೌತೆ ಬಳ್ಳಿ ಹಿಡಿದು ನಿಂತರು.

ಗಿಡಕ್ಕೆ ನೀರು ಬೇಕೆಂದು ಹೇಗೆ ತಿಳಿಯುತ್ತದೆ ಎಂಬುದು ಮೊದಲ ಪ್ರಶ್ನೆ. ಮಗಳು ಸೆನ್ಸರ್, ತೇವಾಂಶ ಎಂದು ಇಂಗ್ಲಿಷಿನಲ್ಲಿ ಆರಂಭಿಸಿ ಗಾಬರಿಗೆ ಅರ್ಧಕ್ಕೇ ನಿಂತಳು. ಕಾಕಾಗೆ ತಡೆಯಲಾಗಲಿಲ್ಲ.

"ಮುಂಜಾನೆ ಎಲಿ ಮುಟ್ಟಿ ನೋಡ್ರಿ ಸರ. ಸೊರಗಿದ್ರ ಕೈಗೆ ಗೊತ್ತಾಗ್ತೈತಿ."

ಪ್ರೊಫೆಸರು ಕನ್ನಡಕ ಸರಿ ಮಾಡಿಕೊಂಡು, ಯಾವೂರ್ರಿ ನಿಮ್ದು ಅಂದರು. ನೋಡಿದರೆ ಇಬ್ಬರದೂ ಅಕ್ಕಪಕ್ಕದ ಹಳ್ಳಿ. ಅಲ್ಲಿಂದ ಮುಂದೆ ಪ್ರಶ್ನೆಗಳೆಲ್ಲ ಕಾಕಾಗೇ. ಉಪ್ಪು ನೀರನ್ನು ಹೇಗೆ ಸಂಭಾಳಿಸುತ್ತೀರಿ, ಬಿಳಿ ನೊಣಕ್ಕೆ ಏನು ಮಾಡುತ್ತೀರಿ. ಕಾಕಾ ಬಳ್ಳಿ ಬಿಟ್ಟು ಫೋನನ್ನೇ ಕೈಗೆ ತೆಗೆದುಕೊಂಡು ಗ್ರೀನ್‌ಹೌಸೆಲ್ಲ ಸುತ್ತಿಸಿದರು. ಮಗಳು ನೋಟ್‌ಬುಕ್ ಹಿಡಿದು ಹಿಂದೆ ಹಿಂದೆ ನಡೆದಳು. ನಡುವೆ ಬಾಯಿ ತೆರೆದರೆ, ತಡಿಯವಾ ಅನ್ನುತ್ತಿದ್ದರು ಪ್ರೊಫೆಸರು.

ಅರ್ಧ ಗಂಟೆಯ ಮೇಲೆ ಅವರಿಗೆ ವಿದ್ಯಾರ್ಥಿನಿ ನೆನಪಾದಳು.

"ಅವರು ಪಾಸಾದ್ರವಾ. ಇನ್ನ ನೀ ಹೇಳು."

ಅಷ್ಟರಲ್ಲಿ ಅವಳ ಭಯ ಹೋಗಿತ್ತು. ಕಾಕಾ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ, ಕಾರಣ ಸಮೇತ ಹೇಳಿದಳು. ಮಾರ್ಕ್ಸೂ ಚೆನ್ನಾಗಿಯೇ ಬಂತು.

ಕಾರು ಹತ್ತುವಾಗ ಕಾಕಾ ನನ್ನನ್ನು ಪಕ್ಕಕ್ಕೆ ಕರೆದರು. ಮುಖ ಬಹಳ ಗಂಭೀರವಾಗಿತ್ತು. ಮಗಳಿಂದ ಏನಾದರೂ ತಪ್ಪಾಯಿತೇ ಎಂದು ಹೆದರಿದೆ.

"ಅಕ್ಕಾರ, ಸರ್ ನನ್ನ ಪಾಸ್ ಅಂದ್ರಲ್ರಿ. ಆ ಸರ್ಟಿಫಿಕೇಟಿನ್ಯಾಗ ನನ್ನ ಹೆಸರು ಪಾಸ್‌ಪೋರ್ಟಿನ್ಯಾಗ ಇದ್ದಂಗ ಬರಿಯಾಕ ಹೇಳ್ರಿ. ಒಂದಕ್ಷರ ಹೆಚ್ಚುಕಮ್ಮಿ ಆದ್ರ ವೀಸಾ, ಇಕಾಮಾಕ್ಕ ತ್ರಾಸ ಆಗ್ತೈತಿ."