ಅಡುಗೆಯಮ್ಮನ ಪ್ರಥಮ ಚಿಕಿತ್ಸೆ ಪರೀಕ್ಷೆ

ವೃದ್ಧಾಶ್ರಮದಲ್ಲಿ ಕೆಲಸ ಅಂದ ಕೂಡಲೇ ಜನ ಮುಖ ಸಪ್ಪಗೆ ಮಾಡಿಕೊಂಡು ‘ಪುಣ್ಯದ ಕೆಲಸ ಬಿಡಿ’ ಅನ್ನುತ್ತಾರೆ. ಪುಣ್ಯ ಎಷ್ಟು ಬಂದಿದೆಯೋ ನನಗೆ ಗೊತ್ತಿಲ್ಲ. ನಗು ತಡೆದುಕೊಂಡು ತಡೆದುಕೊಂಡು ಪಕ್ಕೆ ನೋವು ಮಾತ್ರ ಬಂದಿದೆ. ವಾರಕ್ಕೊಂದಾದರೂ ಏನಾದರೂ ಆಗುತ್ತಲೇ ಇರುತ್ತದೆ, ನಕ್ಕರೆ ಅಜ್ಜ ಅಜ್ಜಿಯರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಆಫೀಸ್ ರೂಮಿಗೆ ಹೋಗಿ ನಗಬೇಕು.

ಹಾನುಬಾಳು ದಾಟಿ ಸ್ವಲ್ಪ ಮುಂದೆ, ಹಳೆಯ ಎಸ್ಟೇಟ್ ಬಂಗಲೆಯೊಂದರಲ್ಲಿ ನಮ್ಮ ಆಶ್ರಮ. ಹದಿನಾಲ್ಕು ಜನ ಹಿರಿಯರು, ಇಬ್ಬರು ಆಯಾಗಳು, ಒಬ್ಬ ವಾಚ್‌ಮನ್, ಒಬ್ಬ ಅಡುಗೆಯಮ್ಮ. ಇವರೆಲ್ಲರ ಮೇಲೆ ಮ್ಯಾನೇಜರ್ ಅಂತ ನಾನು. ಆ ‘ಮೇಲೆ’ ಅನ್ನುವುದು ಗೋಡೆಯ ಬೋರ್ಡಿನಲ್ಲಿ ಮಾತ್ರ.

ಹೋದ ವರ್ಷ ಇಲಾಖೆಯಿಂದ ಒಂದು ಕಾಗದ ಬಂತು. ಆಶ್ರಮದ ನೋಂದಣಿ ನವೀಕರಣ ಆಗಬೇಕಾದರೆ ಸಿಬ್ಬಂದಿ ಅಷ್ಟೂ ಜನ ತುರ್ತು ಪ್ರಥಮ ಚಿಕಿತ್ಸೆಯ ತರಬೇತಿ ಪಡೆದು ಪರೀಕ್ಷೆ ಪಾಸಾಗಿರಬೇಕು, ಪಾಸಾಗದವರನ್ನು ಕೆಲಸದಲ್ಲಿ ಇಟ್ಟುಕೊಳ್ಳುವಂತಿಲ್ಲ ಅಂತ. ನನ್ನದು ಮೊದಲೇ ಆಗಿತ್ತು. ಆಯಾಗಳ ಬಗ್ಗೆ ನನಗೆ ಚಿಂತೆ ಇರಲಿಲ್ಲ. ವಾಚ್‌ಮನ್ ಹೇಗೋ ದಾಟಿಕೊಳ್ಳುತ್ತಾನೆ. ಚಿಂತೆ ಹತ್ತಿದ್ದು ಅಡುಗೆಯಮ್ಮನದು. ಆಕೆ ಆಳೂರು ಕಡೆ ಕುಂದೂರಿನವಳು, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಯಾರಿಗೆ ಮುದ್ದೆ ಎಷ್ಟು ಮೆತ್ತಗಿರಬೇಕು, ಯಾರ ಸಾರಿಗೆ ಉಪ್ಪು ಹಾಕಬಾರದು, ಯಾರು ಮಾತ್ರೆಯನ್ನು ಕೆನ್ನೆಯಲ್ಲಿ ಅಡಗಿಸಿಟ್ಟುಕೊಂಡು ಆಮೇಲೆ ಗುಲಾಬಿ ಕುಂಡಕ್ಕೆ ಉಗುಳುತ್ತಾರೆ, ಎಲ್ಲ ಆಕೆಗೆ ಗೊತ್ತು. ಕೆಮ್ಮು ಕೇಳಿಯೇ ಯಾರದ್ದು ಅಂತ ಹೇಳುತ್ತಾಳೆ. ಆಕೆ ಹೋದರೆ ಈ ಮನೆ ಮನೆಯಾಗಿ ಉಳಿಯುವುದಿಲ್ಲ ಅಂತ ನನಗೆ ನಿಜವಾಗಿಯೂ ಭಯವಾಗಿತ್ತು.

ವಿಷಯ ತಿಳಿಸಿದಾಗ ಆಕೆ ಒಲೆಯ ಮುಂದಿನಿಂದ ಏಳದೆ ಕೇಳಿದಳು. “ಹನ್ನೊಂದು ವರ್ಷ ಅನ್ನ ಹಾಕಿದ್ದು ಪಾಸಲ್ವೇನ್ರಮ್ಮಾ?”

ನಾನು ಕಾಗದ ತೋರಿಸಿದೆ.

ಗೊಂಬೆ

ತರಬೇತಿ ಕೊಡಲು ಹಾಸನದಿಂದ ಒಬ್ಬ ಮೇಷ್ಟ್ರು ಬರುವುದೆಂದಾಯಿತು. ಅವರಿಗಿಂತ ಒಂದು ದಿನ ಮೊದಲೇ ಜೀಪಿನಲ್ಲಿ ಅವರ ಗೊಂಬೆ ಬಂತು. ಎದೆ ಒತ್ತುವುದನ್ನು ಕಲಿಸುವ, ಆಳೆತ್ತರದ ರಬ್ಬರ್ ಗೊಂಬೆ. ವಾಚ್‌ಮನ್ ಅದನ್ನು ಮುಂದಿನ ಹಾಲಿನಲ್ಲಿ ಚಾಪೆಯ ಮೇಲೆ ಮಲಗಿಸಿ, ಧೂಳು ಕೂರದಿರಲಿ ಅಂತ ತಲೆಯಿಂದ ಕಾಲಿನವರೆಗೆ ಬಿಳಿ ಪಂಚೆ ಹೊದಿಸಿದ. ಜವಾಬ್ದಾರಿಯ ಮನುಷ್ಯ.

ಅದೇ ಹೊತ್ತಿಗೆ ನಮ್ಮ ಅಜ್ಜಿಯೊಬ್ಬರನ್ನು ನೋಡಲು ಯಸಳೂರಿನಿಂದ ಅವರ ತಂಗಿಯ ಮಗ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ, ಒಳಗೆ ನೋಡಿದ, ತಲೆಯ ಟವೆಲ್ ತೆಗೆದು ಕೈ ಮುಗಿದ. ಸಾವಿನ ಮನೆಗೆ ಬಾಳೆಹಣ್ಣು ಹಿಡಿದುಕೊಂಡು ಬಂದುಬಿಟ್ಟೆನಲ್ಲ ಅಂತ ನಾಚಿಕೊಂಡು, ಯಾರನ್ನೂ ಮಾತಾಡಿಸದೆ ಹಣ್ಣಿನ ಸಮೇತ ತಿರುಗಿ ಹೋದ. ಬಸ್‌ಸ್ಟಾಪಿನಲ್ಲಿ ಇಬ್ಬರಿಗೆ ಹೇಳಿದನಂತೆ. ಇಬ್ಬರು ಸಾಕಾಯಿತು.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಗಳ ಹೆಂಗಸರು ಅನ್ನ ಸಾರು ಹೊತ್ತು ತಂದರು, ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ. ನಮ್ಮ ಅಡುಗೆಯಮ್ಮ ಹದಿನೆಂಟು ಜನಕ್ಕೆ ಅಡುಗೆ ಮುಗಿಸಿ ಕೂತಿದ್ದವಳು, ತನ್ನ ಕೈಯಡುಗೆಗೆ ಏನಾಗಿದೆ ಅಂತ ಜಗಳಕ್ಕೇ ನಿಂತಳು. ಅದನ್ನು ಬಿಡಿಸುವಷ್ಟರಲ್ಲಿ ಎಸ್ಟೇಟಿನ ಟ್ರ್ಯಾಕ್ಟರ್ ಬಂದು ಅಂಗಳದಲ್ಲಿ ಒಂದು ಲೋಡು ಒಣ ಸೌದೆ ಇಳಿಸಿ ಹೋಯಿತು. ಸುಡಲು.

ಎಲ್ಲರಿಗೂ ಗೊಂಬೆ ತೋರಿಸಿ, ಪಂಚೆ ಎತ್ತಿ, ತಪ್ಪು ತಿಳಿವಳಿಕೆ ಅಂತ ಹೇಳಿ ಕಳಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಕೊನೆಗೆ ವಾಚ್‌ಮನ್ ಬಂದು, ಆ ಸೌದೆ ವಾಪಸ್ ಕಳಿಸಬೇಕಾ ಅಂತ ಕೇಳಿದ. ನಾನು ಯೋಚಿಸುತ್ತಿದ್ದಾಗ ಜಗಲಿಯಲ್ಲಿ ಕೂತಿದ್ದ ರೈಟರಜ್ಜ ಪೇಪರಿನಿಂದ ತಲೆ ಎತ್ತಿದರು. ಎಸ್ಟೇಟಿನಲ್ಲಿ ನಲವತ್ತು ವರ್ಷ ರೈಟರ್ ಆಗಿ ಆಳುಗಳ ಹಾಜರಿ ಬರೆದವರು, ಯಾವುದನ್ನೂ ದಂಡ ಮಾಡುವವರಲ್ಲ.

“ಇರ್ಲಿ ಇಡೋ ಮಾರಾಯ,” ಅಂದರು. “ಹೆಂಗೂ ಬೇಕಾಗ್ತೈತೆ.”

ಲಾಭ

ಎದೆ ಒತ್ತುವಾಗ ಮೂವತ್ತರವರೆಗೆ ಎಣಿಸಬೇಕು. ಆಯಾಗಳು ಒಂದು, ಎರಡು, ಮೂರು ಅಂತ ಶಾಲೆಯ ಮಕ್ಕಳ ಹಾಗೆ ಎಣಿಸಿ ಮುಗಿಸಿದರು. ಅಡುಗೆಯಮ್ಮ ಸೆರಗು ಸಿಕ್ಕಿಸಿಕೊಂಡು, ರೊಟ್ಟಿ ಹಿಟ್ಟು ನಾದುವವಳ ಹಾಗೆ ಗೊಂಬೆಯ ಪಕ್ಕ ಮಂಡಿಯೂರಿ ಶುರು ಮಾಡಿದಳು. “ಲಾಭ, ಎರಡು, ಮೂರು, ನಾಕು...”

ಮೇಷ್ಟ್ರು ನಿಲ್ಲಿಸಿದರು. ಮೊದಲನೆಯದು ಒಂದು ಅನ್ನಬೇಕು ಅಂದರು. ಆಕೆ ಆಗಲಿ ಅಂದಳು. ಮತ್ತೆ ಲಾಭದಿಂದಲೇ ಶುರು ಮಾಡಿದಳು. ಸೇರಿನಲ್ಲಿ ಅಕ್ಕಿ ಅಳೆಯುವಾಗ ಆಕೆಯ ಅಜ್ಜಿ, ಅಮ್ಮ ಯಾರೂ ಒಂದು ಅಂದವರಲ್ಲ, ಅಂದರೆ ಕಣಜ ಬರಿದಾಗುತ್ತದೆ ಅಂತ ನಂಬಿಕೆ. ಇದು ಅಕ್ಕಿ ಅಲ್ಲ, ಹೃದಯ ಅಂತ ಮೇಷ್ಟ್ರು ತಿಳಿಹೇಳಿದರು. ಹಾಗಾದರೆ ಇನ್ನೂ ಹುಷಾರಾಗಿ ಎಣಿಸಬೇಕಲ್ಲವೇ ಅಂತ ಆಕೆ ಕೇಳಿದಳು.

ಒತ್ತುವ ಬಲ ಸರಿಯಿತ್ತು, ವೇಗ ಸರಿಯಿತ್ತು, ಉಳಿದ ಇಪ್ಪತ್ತೊಂಬತ್ತು ಸಂಖ್ಯೆಗಳೂ ಸರಿಯಿದ್ದವು. ಎರಡು ದಿನ ಆ ಒಂದಕ್ಕಾಗಿ ಮೇಷ್ಟ್ರು ಹೋರಾಡಿದರು. ಮೂರನೆಯ ದಿನ ವಾಚ್‌ಮನ್‌ಗೆ ತೋರಿಸಿಕೊಡಲು ತಾವೇ ಗೊಂಬೆಯ ಪಕ್ಕ ಕೂತು, ಎರಡೂ ಕೈ ಎದೆಯ ಮೇಲಿಟ್ಟು, ಗಟ್ಟಿಯಾಗಿ ಲಾಭ ಅಂದರು. ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ.

ಪ್ರಜ್ಞೆ ಇಲ್ಲದ ಅಜ್ಜ

ಪ್ರಜ್ಞೆ ತಪ್ಪಿದವರನ್ನು ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸುವುದನ್ನು ಗೊಂಬೆಯ ಮೇಲೆ ಕಲಿಯಲಾಗುವುದಿಲ್ಲ, ಜೀವ ಇರುವವರೇ ಬೇಕು ಅಂದರು ಮೇಷ್ಟ್ರು. ರೈಟರಜ್ಜ ತಾವೇ ಮುಂದೆ ಬಂದರು. ಅಡುಗೆಯಮ್ಮ ಪಾಸಾಗದಿದ್ದರೆ ತಮಗೆ ಬೆಳಗಿನ ಕಡುಬಿಲ್ಲ ಅನ್ನುವುದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗಿತ್ತು.

ಅಜ್ಜ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದರು. ಅಡುಗೆಯಮ್ಮ ಭುಜ ತಟ್ಟಿ ಕರೆದಳು. ಉಸಿರು ನೋಡಿದಳು. ಆಮೇಲೇನು ಅಂತ ಮರೆತು ನಿಂತಳು. ಪ್ರಜ್ಞೆ ಇಲ್ಲದ ಅಜ್ಜ ತುಟಿ ಅಲುಗಿಸದೆ, ಎಡಗೈ ಎತ್ತು ಅಂತ ಹೇಳಿಕೊಟ್ಟರು. ಎತ್ತಿದಳು. ಮಂಡಿ ಮಡಚು ಅಂದರು. ಮಡಚಿದಳು. ಪ್ರಜ್ಞೆ ತಪ್ಪಿದವರು ಮಾತಾಡುವಂತಿಲ್ಲ ಅಂತ ಮೇಷ್ಟ್ರು ಗದರಿದರು. ಅಜ್ಜ, ಆಗಲಿ ಅಂತ ತಲೆಯಾಡಿಸಿದರು.

ಪಕ್ಕಕ್ಕೆ ಹೊರಳಿಸಿ ಆದ ಮೇಲೆ ಅಡುಗೆಯಮ್ಮ ಎದ್ದು ಒಳಗೆ ಹೋಗಿ ಒಂದು ಲೋಟ ಕಾಫಿ ತಂದಳು. ಹಗಲು ಹೊತ್ತು ಯಾರು ಮಲಗಿದ್ದರೂ ಎಬ್ಬಿಸಿ ಕಾಫಿ ಕೊಡುವುದು ನಮ್ಮ ಕಡೆಯ ರೂಢಿ. ಮೇಷ್ಟ್ರು ಎರಡು ಕೈಯೂ ಅಡ್ಡ ಹಿಡಿದರು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಕಾಫಿ, ಏನನ್ನೂ ಹಾಕಬಾರದು, ಉಸಿರಿನ ದಾರಿಗೆ ಹೋಗಿ ಜೀವಕ್ಕೇ ಅಪಾಯ, ಎಚ್ಚರವಾಗಿ ತಾವೇ ನುಂಗುವ ಹಾಗಾದ ಮೇಲೆಯೇ ಏನಿದ್ದರೂ ಅಂತ ಹತ್ತು ನಿಮಿಷ ವಿವರಿಸಿದರು. ಅದು ಆಕೆಯ ಮನಸ್ಸಿಗೆ ನಾಟಿತು. ಲೋಟ ಹಿಡಿದು ವಾಪಸ್ ಹೊರಟಳು.

“ಅಲ್ಲೇ ಇಟ್ಟೋಗು,” ಅಂದರು ಅಜ್ಜ, ಕಣ್ಣು ಮುಚ್ಚಿಕೊಂಡೇ. “ಎಚ್ಚರ ಆದ್ಮೇಲೆ ಕುಡೀತೀನಿ.”

ಕೂಗು

ಒಂದು ವಾರ ಅಭ್ಯಾಸ ಮಾಡಿಕೊಂಡಿರಿ, ಪರೀಕ್ಷೆಗೆ ಬರುತ್ತೇನೆ ಅಂತ ಹೇಳಿ ಮೇಷ್ಟ್ರು ಹಾಸನಕ್ಕೆ ಹೋದರು. ಅಭ್ಯಾಸ ಮಾಡಿಸುವುದು ನನ್ನ ಪಾಲಿಗೆ ಬಂತು. ಪುಸ್ತಕದಲ್ಲಿ ಒಂದು ಹಂತವಿತ್ತು: ಬಿದ್ದವರನ್ನು ಕಂಡ ಕೂಡಲೇ ಗಟ್ಟಿಯಾಗಿ ಕೂಗಿ ಸಹಾಯಕ್ಕೆ ಜನ ಸೇರಿಸಬೇಕು. ನಾಚಿಕೆ ಬೇಡ, ಗಂಟಲು ಬಿಟ್ಟು ಕೂಗು ಅಂತ ನಾನೇ ವಾಚ್‌ಮನ್‌ಗೆ ಹುರಿದುಂಬಿಸಿದೆ. ಅವನು ಜಗಲಿಯ ಮೇಲೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಕೂ ಅಂತ ಒಂದು ಉದ್ದನೆಯ ಕೂಗು ಹಾಕಿದ.

ನಮ್ಮ ಕಡೆ ಆನೆ ಬಂದರೆ ಫೋನಿಗೆ ಮೆಸೇಜು ಬರುತ್ತದೆ. ಆದರೆ ಮೆಸೇಜಿಗಿಂತ ಮೊದಲು ಕೂಗು ಬರುತ್ತದೆ. ಹಾಗೆ ಯಾರಾದರೂ ಕೂ ಅಂದರೆ ಅದಕ್ಕೆ ಒಂದೇ ಅರ್ಥ: ತೋಟಕ್ಕೆ ಆನೆ ಇಳಿದಿದೆ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಇದು ನನಗೂ ಗೊತ್ತು, ವಾಚ್‌ಮನ್‌ಗೂ ಗೊತ್ತು. ಪುಸ್ತಕ ಕೈಯಲ್ಲಿದ್ದಾಗ ಗೊತ್ತಿರುವುದೆಲ್ಲ ಮರೆತುಹೋಗುತ್ತದೆ.

ಪಕ್ಕದ ಎಸ್ಟೇಟಿನಲ್ಲಿ ಕಾಫಿ ಕುಯ್ಯುತ್ತಿದ್ದ ಆಳುಗಳು ಚೀಲ ಅಲ್ಲೇ ಬಿಟ್ಟು ಲೈನ್ ಮನೆಗಳಿಗೆ ಓಡಿದರು. ರಸ್ತೆಯಲ್ಲಿ ಬರುತ್ತಿದ್ದ ಜೀಪು ಹಿಂದೆ ಹಿಂದೆಯೇ ತಿರುವಿನವರೆಗೆ ಹೋಯಿತು. ಕೋಲು ಊರಿಕೊಂಡು ಊಟದ ಮನೆಗೆ ಬರಲು ಕಾಲು ಗಂಟೆ ಬೇಕು ಅನ್ನುವ ನಮ್ಮ ಅಜ್ಜಿಯರು ಅರ್ಧ ನಿಮಿಷದಲ್ಲಿ ಒಳಗಿದ್ದರು. ಬಿದ್ದವರ ಪಾತ್ರದಲ್ಲಿ ಚಾಪೆಯ ಮೇಲೆ ಮಲಗಿದ್ದ ರೈಟರಜ್ಜ ಎಲ್ಲರಿಗಿಂತ ಮೊದಲು ಒಳಗಿದ್ದರು. ಎಲ್ಲಿಂದಲೋ ಪಟಾಕಿಯ ಸದ್ದು ಬಂತು. ಇಡೀ ಗುಡ್ಡದ ಮೇಲೆ ಒಬ್ಬ ಮನುಷ್ಯ ಕಾಣಲಿಲ್ಲ.

ಅಡುಗೆಯಮ್ಮ ಕಿಟಕಿಯಿಂದ ಇದನ್ನೆಲ್ಲ ನೋಡಿ ಒಂದು ತೀರ್ಮಾನಕ್ಕೆ ಬಂದಳು. ಪುಸ್ತಕದಲ್ಲಿ ಏನೇ ಇರಲಿ, ಯಾರಾದರೂ ಬಿದ್ದರೆ ತಾನಂತೂ ಕೂಗುವುದಿಲ್ಲ ಅಂದಳು. ವಾಚ್‌ಮನ್‌ನನ್ನು ಕೇಳೋಣವೆಂದರೆ ಅವನು ಕಾಣಲಿಲ್ಲ. ತಾನೇ ಹಾಕಿದ ಕೂಗಿಗೆ ಹೆದರಿ ಸ್ಟೋರಿನ ಮಾಡು ಹತ್ತಿದ್ದ.

ಪರೀಕ್ಷೆ

ಪರೀಕ್ಷೆಯ ದಿನ ಮೇಷ್ಟ್ರು ಮೊದಲ ಬಸ್ಸಿಗೇ ಹೊರಟು ಬಂದಿದ್ದರು. ತಿಂಡಿಗೆ ಕರೆದರೆ ಒಪ್ಪಲಿಲ್ಲ. ಇವತ್ತು ತಾನು ಪರೀಕ್ಷಕ, ಒಂದು ಲೋಟ ನೀರೂ ಮುಟ್ಟುವುದಿಲ್ಲ, ನಾಳೆ ಜನ ಕಡುಬು ತಿಂದು ಪಾಸು ಮಾಡಿದ ಅನ್ನುತ್ತಾರೆ ಅಂದರು. ಆಯಾಗಳು ಪಾಸಾದರು. ವಾಚ್‌ಮನ್ ಪಾಸಾದ. ಅವನ ಸರದಿ ಬಂದಾಗ ‘ಯಾರಾದ್ರೂ ಬನ್ನಿ’ ಅಂತ ಮೇಷ್ಟ್ರ ಕಿವಿಯಲ್ಲಿ ಪಿಸುಗುಟ್ಟಿದ, ಗಂಟಲು ಕಟ್ಟಿರಬೇಕು ಅಂತ ಅವರು ಅಂಕ ಕೊಟ್ಟರು.

ಅಡುಗೆಯಮ್ಮನ ಸರದಿಗೆ ಹನ್ನೊಂದೂವರೆ ಆಗಿತ್ತು. ಒಲೆ ಬಿಟ್ಟು ಬರಲಾಗುವುದಿಲ್ಲ ಅಂತ ಆಕೆ ಅಡುಗೆಮನೆಯಲ್ಲೇ ನಿಂತಿದ್ದಳು, ಮೇಷ್ಟ್ರೇ ಅಲ್ಲಿಗೆ ಹೋದರು. ಹದಿನಾಲ್ಕು ಜನ ಹಿರಿಯರೂ ಊಟದ ಮನೆಯ ಬೆಂಚುಗಳಲ್ಲಿ ಸಾಲಾಗಿ ಕೂತು ನೋಡುತ್ತಿದ್ದರು. ಒಳಗೆಲ್ಲ ಹಬೆ. ಮೇಷ್ಟ್ರು ಫಾರಂ ತೆಗೆದು, ನಿಮ್ಮ ಮುಂದೆ ಒಬ್ಬ ವ್ಯಕ್ತಿ ಇದ್ದಕ್ಕಿದ್ದಂತೆ ಕುಸಿದರೆ ಮೊದಲು ಏನು ಮಾಡುತ್ತೀರಿ ಅಂತ ಕೇಳಿದರು. ಕೇಳಿ ಮುಗಿಸಿ ಗೋಡೆಗೆ ಒರಗಿದರು. ಒರಗಿದವರು ಹಾಗೇ ಜಾರಿ ನೆಲಕ್ಕೆ ಕೂತರು, ಆಮೇಲೆ ಮಲಗಿದರು.

ಯಾರೂ ಕದಲಲಿಲ್ಲ. ಪರೀಕ್ಷೆ ನಡೆಯುತ್ತಿದೆಯಲ್ಲ. ಪಾಸಾದ ಆಯಾಗಳು, ಇದು ನಮ್ಮ ಸರದಿ ಅಲ್ಲ ಅಂತ ಕೈಕಟ್ಟಿ ನಿಂತರು. ರೈಟರಜ್ಜ ಮಾತ್ರ ಸ್ವಲ್ಪ ಹೊತ್ತು ನೋಡಿ, ತಮಗಿಂತ ಚೆನ್ನಾಗಿ ಬೀಳುತ್ತಾರೆ ಅಂತ ಮೆಚ್ಚಿಕೊಂಡರು.

ಅಡುಗೆಯಮ್ಮ ಬಗ್ಗಿ ಅವರ ಹಣೆ ಮುಟ್ಟಿದಳು. “ನಾಟಕಕ್ಕೆ ಬೆವರು ಬರಕಿಲ್ಲ ಕಣ್ರಮ್ಮಾ,” ಅಂದಳು.

ಆಮೇಲೆ ಆಕೆ ಮಾಡಿದ್ದನ್ನು ನಾನು ಎಂದೂ ಮರೆಯುವುದಿಲ್ಲ. ಒಲೆ ಆರಿಸಿದಳು. ಭುಜ ತಟ್ಟಿ ಕರೆದಳು, ಕೆನ್ನೆ ಹತ್ತಿರ ಹಿಡಿದು ಉಸಿರು ನೋಡಿದಳು. ಅಂಗಿಯ ಗುಂಡಿ ಸಡಿಲ ಮಾಡಿ, ಕಾಲೆರಡನ್ನೂ ಎತ್ತಿ ಅಕ್ಕಿ ಡಬ್ಬದ ಮೇಲಿಟ್ಟಳು. ಕಾಫಿ ಹಿಡಿದು ಬಂದ ಆಯಾಳನ್ನು ಕಣ್ಣಲ್ಲೇ ತಡೆದಳು. ಅವರು ಕಣ್ಣು ಬಿಟ್ಟು, ಹೆಸರು ಹೇಳಿ, ಎದ್ದು ಕೂತ ಮೇಲೆಯೇ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಬೆಳಿಗ್ಗೆ ಏನು ತಿಂದಿರಿ ಅಂತ ಕೇಳಿದಳು. ಏನೂ ಇಲ್ಲ ಅಂದರು. ಆಮೇಲೆ ಆ ಪರೀಕ್ಷಕರು ಆರು ಕಡುಬು ತಿಂದರು.

ಕೈ ತೊಳೆದು ಬಂದು ಫಾರಂ ತುಂಬಿದರು. ಎಲ್ಲ ಕಾಲಮಿಗೂ ಪೂರ್ತಿ ಅಂಕ. ನನ್ನ ಕಣ್ಣಲ್ಲಿ ನೀರೇ ಬಂತು. ಆದರೆ ಒಂದು ಕಾಲಂ ಖಾಲಿ ಬಿಟ್ಟು ಪೆನ್ನು ನಿಲ್ಲಿಸಿದರು. ಸಹಾಯಕ್ಕೆ ಕೂಗಲಿಲ್ಲ ಅಂದರು. ಅದು ಕಡ್ಡಾಯ, ಅದಿಲ್ಲದೆ ಸರ್ಟಿಫಿಕೇಟ್ ಕೊಡಲಾಗುವುದಿಲ್ಲ ಅಂದರು.

“ಇಲ್ಲಿ ಕೂಗಿದ್ರೆ ಯಾರೂ ಬರಕಿಲ್ಲ ಸಾರ್,” ಅಂದಳು ಅಡುಗೆಯಮ್ಮ.

ಮನುಷ್ಯರು ಅಂದ ಮೇಲೆ ಕೂಗಿದರೆ ಬಂದೇ ಬರುತ್ತಾರೆ ಅಂತ ಮೇಷ್ಟ್ರು ಸಮಾಧಾನವಾಗಿ ಹೇಳಿದರು. ಹಾಸನದವರು. ನಾನು ವಿವರಿಸಲು ಹೋದರೆ ನಿಯಮ ನಿಯಮವೇ ಅಂದರು. ಈಗಲಾದರೂ ಒಂದು ಸಲ ಕೂಗಿ ತೋರಿಸಲಿ, ಅಂಕ ಹಾಕುತ್ತೇನೆ ಅಂತ ಫಾರಂ ಹಿಡಿದು ಜಗಲಿ ದಾಟಿ ಅಂಗಳಕ್ಕೆ ಹೋಗಿ ನಿಂತರು. ಬೇಡ ಸಾರ್ ಅಂತ ಆಕೆ ಎರಡು ಸಲ ಹೇಳಿದಳು. ಅವರು ಕೂಗಿ ಅಂದರು.

ಆಕೆ ಜಗಲಿಗೆ ಬಂದು, ಸೆರಗು ಸಿಕ್ಕಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು. ಹನ್ನೊಂದು ವರ್ಷದ ಕೆಲಸ ಆ ಕೂಗಿನಲ್ಲಿತ್ತು.

ಮುಂದಿನದು ಬೇಗ ಆಯಿತು. ಗುಡ್ಡದ ಆಚೆ ಬಾಗಿಲುಗಳು ಧಡಧಡ ಮುಚ್ಚಿಕೊಂಡವು. ಕೆಳಗಿನ ತೋಟದಲ್ಲಿ ತಟ್ಟೆ ಬಡಿಯತೊಡಗಿದರು, ಪಟಾಕಿ ಹೊಡೆದರು. ವಾಚ್‌ಮನ್ ಸ್ಟೋರಿನ ಮಾಡಿನ ಮೇಲಿದ್ದ. ಹಿರಿಯರೆಲ್ಲ ಒಳಗಿದ್ದರು. ಇದು ಪರೀಕ್ಷೆಯ ಕೂಗು ಅಂತ ಚೆನ್ನಾಗಿ ಗೊತ್ತಿದ್ದ ನಾನೂ ಒಳಗಿದ್ದೆ, ಅಗಳಿ ಹಾಕಿದವಳು ನಾನೇ. ನನ್ನ ಪಕ್ಕದಲ್ಲಿ ಅಡುಗೆಯಮ್ಮ ಏದುಸಿರು ಬಿಡುತ್ತಿದ್ದಳು. ಕೂಗಿದ್ದು ನೀನೇ ಅಲ್ಲವೇ ಅಂದರೆ, ಕೂಗು ಕೇಳಿದ ಮೇಲೆ ಹೊರಗೆ ನಿಲ್ಲಕ್ಕಾಗ್ತದಾ ಅಂದಳು.

ಅಂಗಳದಲ್ಲಿ ಮೇಷ್ಟ್ರು ಒಬ್ಬರೇ ನಿಂತಿದ್ದರು. ಸುತ್ತ ನೋಡಿದರು. ಜಗಲಿಗೆ ಬಂದು ಬಾಗಿಲು ತಟ್ಟಿದರು. ಆಮೇಲೆ ಕಿಟಕಿಯ ಹತ್ತಿರ ಬಂದು, ಏನು ಬಂದಿದೆ ಅಂತ ಮೆಲ್ಲಗೆ ಕೇಳಿದರು.

“ಮೊದ್ಲು ಆ ಕಾಲಂ ತುಂಬಿ ಸಾರ್,” ಅಂದರು ಒಳಗಿನಿಂದ ರೈಟರಜ್ಜ.

ಕೆಳಗೆ ಇನ್ನೊಂದು ಪಟಾಕಿ ಸಿಡಿಯಿತು. ಮೇಷ್ಟ್ರು ಫಾರಮ್ಮನ್ನು ಕಿಟಕಿಯ ದಂಡೆಯ ಮೇಲಿಟ್ಟು ಬೇಗ ಬೇಗ ಬರೆದು, ಸಹಿ ಮಾಡಿ, ಸರಳುಗಳ ನಡುವೆ ಒಳಕ್ಕೆ ತೂರಿಸಿದರು. ನಾನು ಬೆಳಕಿಗೆ ಹಿಡಿದು ಪೂರ್ತಿ ಓದಿ, ಆಮೇಲೆಯೇ ಅಗಳಿ ತೆಗೆದೆ. ಆ ಫಾರಂ ಈಗಲೂ ನಮ್ಮ ಫೈಲಿನಲ್ಲಿದೆ, ತಪಾಸಣೆಗೆ ಬಂದವರೆಲ್ಲ ಅದನ್ನು ಎರಡು ಸಲ ಓದುತ್ತಾರೆ. ಷರಾ ಕಾಲಮಿನಲ್ಲಿ ಹೀಗಿದೆ: ‘ಸಹಾಯಕ್ಕೆ ಕೂಗಿದರು. ಯಾರೂ ಬರಲಿಲ್ಲ. ಪಾಸ್.’