‘ಇವರು ಕ್ಷೇಮ’ ಎಂಬ ಕ್ಯಾಸೆಟ್ಟು

ನಮ್ಮ ಅತ್ತೆಗೆ ಸಂಗೀತ ಗೊತ್ತಿಲ್ಲ. ಇದು ನಾನು ಹೊಟ್ಟೆಕಿಚ್ಚಿನಿಂದ ಆಡುವ ಮಾತಲ್ಲ, ಬಂದವರಿಗೆಲ್ಲ ಅತ್ತೆಯೇ ಹೇಳಿಕೊಳ್ಳುವುದು. ಹಾಗಾದರೆ ಉಪ್ಪಳದ ಅವರ ಮನೆಯ ಕಪಾಟಿನಲ್ಲಿ, ಗಲ್ಫಿನಿಂದ ಬಂದ ಹಾಲಿನಪುಡಿಯ ಡಬ್ಬಗಳೊಳಗೆ, ತೇವ ಹೀರಲೆಂದು ಒಂದೊಂದು ಅಕ್ಕಿಯ ಪೊಟ್ಟಣದ ಜೊತೆ ಕುಳಿತಿರುವ ಮುನ್ನೂರಕ್ಕೂ ಹೆಚ್ಚು ಶಾಸ್ತ್ರೀಯ ಸಂಗೀತದ ಕ್ಯಾಸೆಟ್ಟುಗಳು ಯಾರವು? ಅವೂ ಅತ್ತೆಯವೇ! ಒಂದೂ ಅಂಗಡಿಯಿಂದ ಕೊಂಡದ್ದಲ್ಲ. ಎಲ್ಲವೂ ರೇಡಿಯೋದ ಎದುರು ಕುಳಿತು ಸ್ವಂತ ಕೈಯಲ್ಲಿ ಹಿಡಿದವು.

ಹಿಡಿಯುವುದೆಂದರೆ ಸುಮ್ಮನೆ ಅಲ್ಲ. ಮಾವ ಗಲ್ಫಿನಲ್ಲಿದ್ದ ಕಾಲ ಅದು. ಮೊದಲ ರಜೆಗೆ ಬರುವಾಗ ಅವರು ತಂದ ಟೇಪ್ ರೆಕಾರ್ಡರನ್ನು ಅತ್ತೆ ಮನೆಯ ಹಳೆಯ ರೇಡಿಯೋದ ಮುಂದೆ ಮುಖಕ್ಕೆ ಮುಖ ಕೊಟ್ಟು ಕೂರಿಸಿದರು. ಭಾನುವಾರ ಬೆಳಿಗ್ಗೆ ಸಂಗೀತ ಕಚೇರಿ ಶುರುವಾದರೆ ಗುಂಡಿ ಒತ್ತುವುದು. ಆಮೇಲೆ ಮನೆಯಲ್ಲಿ ಯಾರೂ ಉಸಿರಾಡುವಂತಿಲ್ಲ! ಕುಕ್ಕರಿಗೆ ರಜೆ, ಕೋಳಿಗಳಿಗೆ ಗೂಡಿನೊಳಗೆ ಸೆರೆವಾಸ. ರಜೆಗೆಂದು ಹೋದ ನಾವು ಮಕ್ಕಳು ಸೀನು ಬಂದರೆ ಬಾವಿಕಟ್ಟೆಯವರೆಗೆ ಓಡಬೇಕಿತ್ತು. ಹಿತ್ತಿಲಿನಾಚೆ ಹಳಿಯ ಮೇಲೆ ಕೂಗುತ್ತ ಹೋಗುವ ರೈಲನ್ನು ಮಾತ್ರ ಯಾರೂ ತಡೆಯುವಂತಿರಲಿಲ್ಲ. ಆದರೆ ಅತ್ತೆ ಅಷ್ಟಕ್ಕೇ ಬಿಡುವವರೇ?

“ನಿನಗೆ ಇಂಗ್ಲಿಷ್ ಬರ್ತದಲ್ಲ, ರೈಲ್ವೆಯವರಿಗೆ ಒಂದು ಕಾಗದ ಬರಿ ಮಾರಾಯ. ಭಾನುವಾರ ಒಂದು ದಿನ ಇಲ್ಲಿ ಕೂಗುವುದು ಬೇಡ ಅಂತ,” ಎಂದು ತಮ್ಮನನ್ನು, ಅಂದರೆ ನನ್ನ ಅಪ್ಪನನ್ನು, ಕಾಡಿದರು. ಅಪ್ಪ ಬರೆದಿದ್ದೇನೆಂದು ಸುಳ್ಳು ಹೇಳಿ ಪಾರಾದರು. ಮುಂದಿನ ಭಾನುವಾರ ರೈಲು ಲೇಟು, ಕಚೇರಿ ಮುಗಿದ ಮೇಲೆಯೇ ಬಂತು. ಅತ್ತೆ ಇವತ್ತಿಗೂ ಅಪ್ಪನ ಇಂಗ್ಲಿಷನ್ನು ಹೊಗಳುತ್ತಾರೆ!

ಇನ್ನು ಹೆಸರಿನ ವಿಷಯ. ಹಾಡುವವರು ಯಾರು, ರಾಗ ಯಾವುದು ಎಂದೆಲ್ಲ ರೇಡಿಯೋದವರು ಹೇಳಿ ಮುಗಿಸುವ ತನಕ ಅತ್ತೆ ಗುಂಡಿ ಒತ್ತುತ್ತಿರಲಿಲ್ಲ. “ಬರೀ ಮಾತಿಗೆ ಟೇಪು ಹಾಳು ಮಾಡುವುದು ಎಂತಕ್ಕೆ?” ಹಾಗಾಗಿ ಅವರ ಸಂಗ್ರಹದಲ್ಲಿ ವಿದ್ವಾಂಸರ ಹೆಸರೂ ಇಲ್ಲ, ರಾಗದ ಹೆಸರೂ ಇಲ್ಲ. ಗುರುತಿಗೇನು ಮಾಡುವುದು? ಅಷ್ಟೆಲ್ಲ ಕಾವಲು ಹಾಕಿದರೂ ಒಳಗೆ ನುಸುಳಿದ ಸದ್ದು ಯಾವುದೋ ಅದೇ ಆ ಕ್ಯಾಸೆಟ್ಟಿನ ಹೆಸರು! ‘ಮೀನಿನವನ ಹಾರ್ನ್’, ‘ಹೇಂಟೆ ಮೊಟ್ಟೆ ಇಟ್ಟದ್ದು’, ‘ರೈಲು’, ‘ರೈಲು ಇನ್ನೊಂದು’, ‘ಅತ್ತೆಯವರ ಕೆಮ್ಮು ಸಣ್ಣದು’, ‘ಅತ್ತೆಯವರ ಕೆಮ್ಮು ದೊಡ್ಡದು’. ಈ ಕೆಮ್ಮು ಅತ್ತೆಯ ಅತ್ತೆ, ಅಂದರೆ ಮಾವನ ತಾಯಿಯದು. ಸಂಗೀತದ ಯಾವ ಪಂಡಿತರು ಇಂಥ ಪಟ್ಟಿ ಮಾಡಿದ್ದಾರೆ, ಹೇಳಿ?

ಈ ಎಲ್ಲದರ ನಡುವೆ ‘ಇವರು ಕ್ಷೇಮ’ ಎಂಬುದೊಂದು ಉಂಟು. ಆಗೆಲ್ಲ ಗಲ್ಫಿನಲ್ಲಿದ್ದವರು ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಮಾವನೂ ಒಮ್ಮೆ ತನ್ನ ಸುಖದುಃಖವನ್ನೆಲ್ಲ ತುಂಬಿ ಕಳಿಸಿದರು. ಅತ್ತೆ ಒಂದು ವಾರ ಕೇಳಿದ್ದೇ ಕೇಳಿದ್ದು. ಭಾನುವಾರ ಬಂತು. ನೋಡಿದರೆ ಮನೆಯಲ್ಲಿ ಖಾಲಿ ಕ್ಯಾಸೆಟ್ಟಿಲ್ಲ, ಅತ್ತ ಕಚೇರಿ ಶುರುವಾಗಿಯೇ ಬಿಟ್ಟಿದೆ! ಅತ್ತೆ ಏನು ಮಾಡಿದರು? ನೀವು ಊಹಿಸಿದ್ದೇ ಸರಿ. ಮಾವ ರಜೆಯಲ್ಲಿ ಬಂದು ಆಸೆಯಿಂದ ಆ ಕ್ಯಾಸೆಟ್ಟು ಹಾಕಿದರೆ, “ನಾನು ಇಲ್ಲಿ ಕ್ಷೇಮ, ನೀನು…” ಅಷ್ಟೇ. ಆಮೇಲೆ ಪಿಟೀಲು, ಮೃದಂಗ, ಯಾರೋ ಒಬ್ಬರ ಹಾಡು!

“ನನ್ನ ಮಾತೆಲ್ಲ ಎಲ್ಲಿ ಹೋಯ್ತು ಮಾರಾಯ್ತಿ?”

“ನೀವು ಹೇಗೂ ವಾಪಾಸು ಬರ್ತೀರಿ. ಈ ಹಾಡು ಪುನಃ ಬರ್ತದಾ?”

ಮಾವ ಈ ಕಥೆಯನ್ನು ಮನೆಗೆ ಬಂದ ಯಾರಿಗೂ ಹೇಳದೆ ಬಿಟ್ಟವರಲ್ಲ.

ಕಳೆದ ವರ್ಷ ನಾನು ಆ ಡಬ್ಬಗಳ ಒಂದು ವಿಡಿಯೋ ಮಾಡಿ ವಾಟ್ಸಾಪಿನಲ್ಲಿ ಹಾಕಿದೆ. ಅದು ಎಲ್ಲೆಲ್ಲೋ ತಿರುಗಿ, ಒಂದು ದಿನ ಪುತ್ತೂರು ಕಡೆಯ ಹೆಂಗಸೊಬ್ಬರಿಂದ ಫೋನು ಬಂತು. ಅವರ ತಂದೆ ಹರೆಯದಲ್ಲಿ ಒಂದೇ ಒಂದು ಸಲ ರೇಡಿಯೋದಲ್ಲಿ ಹಾಡಿದ್ದರು. ಆಮೇಲೆ ಪಾಠ ಹೇಳಿಕೊಂಡೇ ಆಯುಷ್ಯ ಕಳೆದವರು, ಬೇರೆ ರೆಕಾರ್ಡಿಂಗ್ ಇಲ್ಲ. ಈಗ ಗಂಟಲಿನ ಆಪರೇಷನ್ ಆಗಿ ದನಿಯೇ ಹೋಗಿದೆ. “ಅಪ್ಪನಿಗೆ ಒಮ್ಮೆ ಅವರ ಸ್ವರ ಕೇಳ್ಬೇಕಂತೆ. ನಿಮ್ಮಲ್ಲಿ ಉಂಟಾ?”

ಬಂದರು. ಮಗಳ ಜೊತೆ ಬಿಳಿ ಪಂಚೆಯ, ಸಣಕಲು ಮುದುಕರು. ಕೈಯಲ್ಲೊಂದು ನೋಟ್‌ಬುಕ್ಕು. ಅದರಲ್ಲಿ ‘ಕಾಂಭೋಜಿ’ ಎಂದು ರಾಗದ ಹೆಸರು ಬರೆದು ತೋರಿಸಿದರು.

“ಹೆಸರೆಲ್ಲ ನನಗೆ ಗೊತ್ತಾಗುವುದಿಲ್ಲ. ಒಂದು ಗೆರೆ ಹಾಡಿ ತೋರಿಸಿ, ಈಗ ತೆಗೆದು ಕೊಡ್ತೇನೆ,” ಎಂದರು ಅತ್ತೆ, ಅಭ್ಯಾಸಬಲದಿಂದ.

ಮಗಳು ತಲೆ ತಗ್ಗಿಸಿದರು. ಅತ್ತೆ ನಾಲಿಗೆ ಕಚ್ಚಿಕೊಂಡರು. ಮುನ್ನೂರು ಕ್ಯಾಸೆಟ್ಟು ಹಾಕಿ ಕೇಳಲು ಎಷ್ಟು ದಿನ ಬೇಕು? ಹೆಸರು ಗೊತ್ತಿದ್ದವರಿಗೆ ದನಿ ಇಲ್ಲ, ದನಿ ಇದ್ದವರಿಗೆ ಹೆಸರು ಗೊತ್ತಿಲ್ಲ. ಬಂದ ದಾರಿಗೆ ಸುಂಕವಿಲ್ಲದೆ ಅವರು ಹಿಂದಿರುಗಬೇಕಾಗುತ್ತದಲ್ಲ ಎಂದುಕೊಂಡೆ.

“ಹಾಗಾದ್ರೆ ನಾನೇ ಹಾಡ್ತೇನೆ. ನೀವು ತಲೆ ಆಡಿಸಿದ್ರೆ ಸಾಕು,” ಎಂದರು ಅತ್ತೆ!

ಯಾರೆದುರೂ ಒಂದು ಜೋಗುಳವನ್ನೂ ಹಾಡದಿದ್ದ ಅತ್ತೆ ಕಣ್ಣು ಮುಚ್ಚಿ ಗುನುಗತೊಡಗಿದರು. ‘ಮೀನಿನವನ ಹಾರ್ನ್’ ಶುರುವಾಯಿತು. ನಡುವೆ ಸರಿಯಾದ ಜಾಗದಲ್ಲಿ “ಪೋಂ” ಎಂದು, ಮತ್ತೆ ಮುಂದುವರಿಸಿದರು. ಮುದುಕರು ನಗುತ್ತ ಅಲ್ಲವೆಂದರು. ‘ಹೇಂಟೆ’ಯೂ ಅಲ್ಲ, ‘ರೈಲು’ ಎರಡೂ ಅಲ್ಲ. ದನಿ ಇಂಪೇನಲ್ಲ, ಆದರೆ ಒಂದೊಂದು ತಿರುವೂ ಅದರದರ ಜಾಗದಲ್ಲಿತ್ತು. ಸಂಗೀತ ಗೊತ್ತಿಲ್ಲವಂತೆ! ನಾನು ಹೆಮ್ಮೆಯಿಂದ ಉಬ್ಬಿ ಹೋದೆ. ಹನ್ನೊಂದನೆಯದಕ್ಕೆ ಮುದುಕರು ಕುರ್ಚಿಯಿಂದ ಎದ್ದು ನಿಂತರು. ಅದು ‘ಇವರು ಕ್ಷೇಮ’.

ಅತ್ತೆ ಅವರನ್ನು ಮತ್ತೆ ಕೂರಿಸಿ ಕ್ಯಾಸೆಟ್ಟು ಹಾಕಿದರು. ಮಾವನ ಹರೆಯದ ದನಿ “ನಾನು ಇಲ್ಲಿ ಕ್ಷೇಮ, ನೀನು…” ಎಂದಿತು. ಆಮೇಲೆ ಇನ್ನೊಬ್ಬರ ಹರೆಯದ ದನಿ. ಸಣ್ಣ ಹಾಡುಗಳು ಮುಗಿದು ಕಾಂಭೋಜಿ ಬಂತು, ಮೇಲೆ ಮೇಲೆ ಏರಿತು. ಮುದುಕರ ಕೆನ್ನೆ ಒದ್ದೆಯಾಗಿತ್ತು. ಇನ್ನೇನು ತುದಿ ಮುಟ್ಟಿತು ಎನ್ನುವಾಗ, ಟಕ್! ಒಂದು ಬದಿ ಮುಗಿಯಿತು. ತಿರುಗಿಸಿ ಹಾಕಿದರೆ ರಾಗ ಆಗಲೇ ಕೆಳಗಿಳಿದಿತ್ತು.

“ಅವತ್ತು ತಿರುಗಿಸುವ ಗಡಿಬಿಡಿಯಲ್ಲಿ ಟೇಪು ಸಿಕ್ಕಿಹಾಕಿಕೊಂಡು ಅಷ್ಟು ತಪ್ಪಿ ಹೋಯ್ತು, ನನ್ನ ಕಿವಿಗೂ ಬೀಳಲಿಲ್ಲ,” ಎಂದರು ಅತ್ತೆ, ತಪ್ಪಿತಸ್ಥರ ದನಿಯಲ್ಲಿ. “ಅಲ್ಲಿ ನೀವು ಎಂತ ಹಾಡಿದ್ದು? ಇಷ್ಟು ವರ್ಷದಿಂದ ನನಗೆ ಅದೇ ಚಿಂತೆ.”

ಮುದುಕರು ಬಲಗೈ ಎತ್ತಿದರು. ಹಾಡುವವರು ಆಡಿಸುವಂತೆ ಗಾಳಿಯಲ್ಲಿ ಮೇಲಕ್ಕೊಯ್ದು, ನಿಲ್ಲಿಸಿ, ತಿರುಗಿಸಿ, ಮೆಲ್ಲಗೆ ಇಳಿಸಿದರು. ಅತ್ತೆ ಆ ಕೈಯನ್ನೇ ನೋಡುತ್ತ ಗುನುಗಿದರು. ಅಲ್ಲ ಎಂದಿತು ಕೈ. ಮತ್ತೊಮ್ಮೆ. ಅದೂ ಅಲ್ಲ. ನಾಲ್ಕನೆಯ ಸಲಕ್ಕೆ ಕೈ ಮಡಿಲಿಗೆ ಇಳಿಯಿತು. ಮುದುಕರು ತಲೆದೂಗಿದರು, ನೋಟ್‌ಬುಕ್ಕು ತೆಗೆದು ಬರೆದರು: ‘ಪುನಃ ಒಮ್ಮೆ.’ ಅತ್ತೆ ಈ ಸಲ ಎಲ್ಲೂ ನಿಲ್ಲದೆ ಹಾಡಿದರು.

ಅವರನ್ನು ಕಾರು ಹತ್ತಿಸಿ ಬಂದ ಮೇಲೆ ಜಗಲಿಯಲ್ಲಿದ್ದ ಮಾವ ಹಳೆಯ ಪಲ್ಲವಿ ತೆಗೆದರು. “ಊರವರ ಹಾಡೆಲ್ಲ ಇವಳಿಗೆ ಬಾಯಿಪಾಠ. ನಾನು ಅದರಲ್ಲಿ ಎಂತ ಹೇಳಿದ್ದೆ ಅಂತ ನನಗೇ ಮರೆತಿದೆ. ಅದನ್ನು ಅಳಿಸಿ ಹಾಕಿದ್ಲು, ಮುಗೀತು.”

ಅತ್ತೆ ಕ್ಯಾಸೆಟ್ಟನ್ನು ಡಬ್ಬಕ್ಕೆ ಹಾಕುತ್ತಿದ್ದರು. ತಿರುಗಿಯೂ ನೋಡದೆ, ಗುನುಗುವಾಗಿನ ಅದೇ ನಿಧಾನದಲ್ಲಿ ಹೇಳತೊಡಗಿದರು.

“ನಾನು ಇಲ್ಲಿ ಕ್ಷೇಮ, ನೀನು ಊಟ ಬಿಡಬೇಡ. ರೂಮಿನಲ್ಲಿ ಆರು ಜನ ಇದ್ದಾರೆ, ಎಲ್ಲರೂ ಕಿವಿ ಕೊಟ್ಟು ಕೂತಿದ್ದಾರೆ, ಅದಕ್ಕೆ ಮೆಲ್ಲಗೆ ಮಾತಾಡುವುದು. ಇಲ್ಲಿ ಮಳೆಯೇ ಇಲ್ಲ. ನಮ್ಮ ಬಾವಿ ತುಂಬಿತಾ?”

ಮಾವ ಎದ್ದು ಬಾಗಿಲಿಗೆ ಬಂದರು.

“ಇಲ್ಲಿ ನೀವು ಕೆಮ್ಮಿದ್ದು,” ಎಂದರು ಅತ್ತೆ. “ಆಮೇಲೆ ಸ್ವಲ್ಪ ಹೊತ್ತು ಎಂತ ಮಾತಿಲ್ಲ. ಆಮೇಲೆ, ನಿನ್ನ ಸ್ವರ ಕೇಳದೆ ಆರು ತಿಂಗಳಾಯ್ತು, ಅಂತ.”