ಅಮಾವಾಸ್ಯೆಗೆ ರಜಾ ಕೇಳುವ ಪೈಲಟ್

ನಮ್ಮ ವಂಶದಲ್ಲಿ ಕಾಲಿಗೆ ಬೂಟು ಹಾಕಿಕೊಂಡೇ ಮುದ್ದೆ ನುಂಗಿದವಳು ಒಬ್ಬಳೇ ಒಬ್ಬಳು. ನೀವು ‘ವಿಮಾನದತ್ತೆ’ ಎಂದು ಕರೆಯುತ್ತೀರಲ್ಲ ಮಕ್ಕಳೇ, ಗುಂಡ್ಲುಪೇಟೆಯ ನನ್ನ ತಮ್ಮನ ಮಗಳು, ಅವಳೇ! ನಾಲ್ಕು ಜನರೆದುರು ಬಾಯಿ ಬಿಡಲು ನಾಚುವ ನನಗೆ ಅವಳ ವಿಷಯ ಬಂದರೆ ಮಾತ್ರ ಸುಮ್ಮನಿರಲಾಗುವುದಿಲ್ಲ. ಅವಳಿಗೆ ಒಂದು ಸುತ್ತು ಸಡಿಲ ಎನ್ನುವವರಿದ್ದಾರೆ. ಇರಬಹುದು. ಅಂಥ ಒಂದು ತಲೆ ಪ್ರತಿ ಮನೆಯಲ್ಲೂ ಇರಲಿ ಎಂದು ನಾನು ಬೇಡಿಕೊಳ್ಳುತ್ತೇನೆ.

ಅವಳು ಪೈಲಟ್ ಆದ ಹೊಸತರಲ್ಲಿ ನಾನೂ ನನ್ನ ತಮ್ಮನೂ ಬೆಂಗಳೂರಿನ ಅವಳ ಬಾಡಿಗೆ ಮನೆಗೆ ಹೋದೆವು. ಬಾಗಿಲು ತೆರೆದವಳು ಬಿಳಿ ಅಂಗಿ, ಕರಿ ಟೈ, ಮಿರಮಿರ ಮಿಂಚುವ ಬೂಟಿನಲ್ಲಿ ನಿಂತಿದ್ದಾಳೆ. ಪೆಟ್ಟಿಗೆ ಹೊಸ್ತಿಲ ಪಕ್ಕದಲ್ಲೇ ಇದೆ. ಡ್ಯೂಟಿಗೆ ಹೊರಟೆಯಾ ಎಂದು ಕೇಳಿದರೆ, ಇಲ್ಲ, ಡ್ಯೂಟಿ ಇಲ್ಲೇ ಮನೆಯಲ್ಲೇ ಎಂದಳು. ಅದಕ್ಕೆ ಸ್ಟ್ಯಾಂಡ್‌ಬೈ ಎನ್ನುತ್ತಾರಂತೆ. ಹಾರಬೇಕಾದ ಪೈಲಟ್‌ಗೆ ಜ್ವರವೋ ಹೊಟ್ಟೆನೋವೋ ಬಂದರೆ ಆಫೀಸಿನಿಂದ ಇವಳಿಗೆ ಫೋನು ಬರುತ್ತದೆ, ಇವಳು ತಕ್ಷಣ ಓಡಬೇಕು. ಯಾರಿಗೂ ಏನೂ ಆಗದಿದ್ದರೆ ದಿನವೆಲ್ಲ ಕಾಯುತ್ತ ಕೂರಬೇಕು. ಉಳಿದವರು ಫೋನು ಬಂದ ಮೇಲೆ ಬಟ್ಟೆ ಹಾಕುತ್ತಾರಂತೆ. ಇವಳು ಬಟ್ಟೆ ಹಾಕಿಕೊಂಡು ಫೋನಿಗೆ ಕಾಯುವವಳು! ಸ್ನಾನಕ್ಕೆ ಹೋದರೂ ಫೋನನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ನಲ್ಲಿಗೆ ನೇತುಹಾಕುತ್ತಿದ್ದಳು.

ನಾನು ಮುದ್ದೆ ಉಪ್ಸಾರು ಮಾಡಿ ಬಡಿಸಿದೆ. ಬೂಟಿನಲ್ಲೇ ನಿಂತು ಎರಡು ತುತ್ತು ನುಂಗಿದ್ದಳು, ಫೋನು ಬಡಿದುಕೊಂಡಿತು. ನನ್ನ ತಮ್ಮ ಎದ್ದು ಪೆಟ್ಟಿಗೆ ಹಿಡಿದ. ನಾನು ಅವಳ ಟೋಪಿ ಹಿಡಿದೆ. ಅವಳು ಎಡಗೈಯಲ್ಲಿ ಫೋನೆತ್ತಿ ಬಲು ಗಂಭೀರವಾಗಿ ಕೇಳಿಸಿಕೊಂಡು, “ಬೇಡ ಸಾರ್, ನಮ್ಮನೇಲಿ ನೀರಿನ ಫಿಲ್ಟರ್ ಐತೆ” ಎಂದು ಇಟ್ಟಳು.

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ನನ್ನ ತಮ್ಮನಿಗೆ ಆಗ ಬಹಳ ಇರುಸುಮುರುಸು. ಕೇರಳಕ್ಕೆ ಹೊರಟ ಲಾರಿಯವರೆಲ್ಲ ಮಗಳಿಗೆ ಯಾವ ರೂಟು ಕೊಟ್ಟರು ಎಂದು ವಿಚಾರಿಸುವವರೇ. ಒಂದು ದಿನ ಇವನು ತಡೆಯಲಾರದೆ ನಿಜ ಹೇಳಿಬಿಟ್ಟ.

“ರೂಟಿಲ್ಲ ಕಣ್ಲಾ. ಇನ್ನೂ ಸ್ಪೇರ್‌ನಲ್ಲವಳೆ.”

ಕೇಳಿದ ಹಳೇ ಲಾರಿ ಡ್ರೈವರ್ ನಗಲಿಲ್ಲ. ಇವನ ಹೆಗಲ ಮೇಲೆ ಕೈಯಿಟ್ಟು, “ಬುಡಣ್ಣ, ನಾನೂ ಸ್ಪೇರ್‌ನಲ್ಲಿ ಕೊಳೆತು ಬಂದೋನೆಯ. ಮ್ಯಾಗಲೋರು ಹೋಗ್ಲೇಬೇಕಲ್ಲ, ಹೋಯ್ತಾರೆ” ಎಂದನಂತೆ. ಇಡೀ ವಿಮಾನ ಕಂಪನಿಯ ಕಾನೂನು ಅಷ್ಟೇ ನೋಡಿ! ಕೆಲಸಕ್ಕೆ ಸೇರಿದ ದಿನದ ಮೇಲೆ ಸಾಲು. ಮುಂದಿರುವವರು ಬೇಕಾದ ಊರು, ಬೇಕಾದ ರಜಾ ಕೇಳಿ ಪಡೆಯುತ್ತಾರೆ. ಉಳಿದದ್ದು ಬಾಲದಲ್ಲಿರುವವರಿಗೆ, ಜೊತೆಗೆ ಸ್ಟ್ಯಾಂಡ್‌ಬೈ. ಎಷ್ಟು ಚೆನ್ನಾಗಿ ಹಾರಿಸುತ್ತೀ ಎಂದು ಯಾರೂ ಕೇಳುವುದಿಲ್ಲ, ಯಾವತ್ತು ಬಂದೆ ಎಂದಷ್ಟೇ ಕೇಳುತ್ತಾರೆ.

ನನಗಿದು ತಟ್ಟನೆ ಅರ್ಥವಾಗಿದ್ದು ಕಂಡು ನಮ್ಮ ಪೈಲಟ್ ಹುಡುಗಿಗೇ ಆಶ್ಚರ್ಯ. ಅರ್ಥವಾಗದೆ ಏನು? ಹರದನಹಳ್ಳಿಯ ಈ ಮನೆಗೆ ನಾನು ಕಿರೀಸೊಸೆಯಾಗಿ ಬಂದವಳು. ಹಬ್ಬಕ್ಕೆ ತವರಿಗೆ ಹೋಗುವ ಸರದಿ ಮೊದಲು ಹಿರಿಯ ಓರಗಿತ್ತಿಗೆ, ಆಮೇಲೆ ನಡುವಿನವಳಿಗೆ. ಅವರಲ್ಲಿ ಯಾರಿಗೆ ಮೈ ಬೆಚ್ಚಗಾದರೂ ಅವರ ಪಾಲಿನ ಕೆಲಸಕ್ಕೆ ನಾನು! ಕೊನೆಗೆ ಕಿರಿ ಮೈದುನನ ಮದುವೆಯಾಗಿ ಮತ್ತೊಬ್ಬಳು ಒಳಗೆ ಬಂದಳು. ಅವತ್ತು ಮದುಮಗಳಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ಇದನ್ನು ಹೇಳಿದಾಗ ನಮ್ಮ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕು, “ನೀನೂ ಸ್ಟ್ಯಾಂಡ್‌ಬೈಯೇ ಕಣತ್ತೆ. ನಂಗೂ ಕೆಳಗಡೆ ಒಬ್ಬಳು ಬರ್ಲಿ ಇರು” ಎಂದಳು.

ಬಂದರು. ವರ್ಷಗಳು ಹೋದಂತೆ ಒಬ್ಬರಲ್ಲ, ಸಾಲುಸಾಲಾಗಿ ಬಂದರು. ಕ್ಯಾಪ್ಟನ್ ಪಕ್ಕದ ಸೀಟಿನಲ್ಲಿ ಕೂರುವ ಪೈಲಟ್‌ಗಳ ಪೈಕಿ ಇವಳೇ ಹಿರಿಯಳಾದಳು. ಈಗ ಕೇಳಿದ ರಜಾ ಸಿಗುತ್ತದೆ. ದೀಪಾವಳಿ ಕೇಳಬಹುದು, ಭಾನುವಾರ ಕೇಳಬಹುದು. ಈ ಪುಣ್ಯಾತ್ಗಿತ್ತಿ ಕೇಳಿದ್ದೇನು? ತಿಂಗಳು ತಿಂಗಳು ಅಮಾವಾಸ್ಯೆ! ರಜಾ ಹಂಚುವ ಹುಡುಗಿ ಹೆದರುತ್ತ, ಮೇಡಂ, ನೀವೇನಾದರೂ ಮಾಟ ಗೀಟ ಮಾಡುತ್ತೀರಾ ಎಂದು ಕೇಳಿದಳಂತೆ. ಇವಳು, “ಹೂಂ, ರಜಾ ಕೊಡದೋರಿಗೆ ಮಾತ್ರ” ಎಂದಳಂತೆ. ಆಮೇಲೆ ಒಂದು ಅಮಾವಾಸ್ಯೆಯೂ ತಪ್ಪಲಿಲ್ಲ.

ನಿಮ್ಮ ತಾತ ಇದ್ದಾಗ ಅಮಾವಾಸ್ಯೆಗೆ ನಾವಿಬ್ಬರೂ ಬಸ್ಸು ಹತ್ತಿ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಿದ್ದೆವು. ಅವರು ಹೋದ ಮೇಲೆ ನಾನು ನಿಲ್ಲಿಸಿದೆ. ಅಷ್ಟು ಜನದ ನಡುವೆ ಒಬ್ಬಳೇ ನುಗ್ಗುವ ಧೈರ್ಯ ನನಗೆಲ್ಲಿಂದ ಬರಬೇಕು? ಆಗ ಇವಳು ಬರತೊಡಗಿದಳು. ನನಗೆ ಕಿಟಕಿ ಪಕ್ಕದ ಸೀಟು, ಅವಳಿಗೆ ತಾತನ ಸೀಟು. ತಿರುವು ಬಂದಾಗಲೆಲ್ಲ ಡ್ರೈವರ್ ಎಷ್ಟು ಚೆನ್ನಾಗಿ ತಿರುಗಿಸಿದ ಎಂದು ಅಂಕ ಕೊಡುತ್ತಿದ್ದಳು. ಓದಿದ ಹುಡುಗಿಗೆ ಮಾದಪ್ಪನ ಮೇಲೆ ಎಂಥ ಭಕ್ತಿ ಎಂದು ನಾನು ಊರೆಲ್ಲ ಹೊಗಳಿದ್ದೇ ಹೊಗಳಿದ್ದು.

ಹೋದ ವರ್ಷ ಅವಳ ಅಮ್ಮ ಗುಂಡ್ಲುಪೇಟೆಯಿಂದ ಬಂದವಳು ಕಣ್ಣೊರೆಸಿಕೊಂಡಳು. ಮಗಳಿಗೆ ಕ್ಯಾಪ್ಟನ್ ಆಗುವ ಸರದಿ ಬಂದು ಎರಡು ಸಲ ಹೋಗಿದೆ. ಎರಡು ಸಲವೂ ಬೇಡ ಎಂದಿದ್ದಾಳೆ, ಅವಳ ಹಿಂದಿದ್ದವರು ಕ್ಯಾಪ್ಟನ್ ಆಗಿದ್ದಾರೆ. ಕ್ಯಾಪ್ಟನ್ ಆದರೆ ಕ್ಯಾಪ್ಟನ್‌ಗಳ ಸಾಲಿನಲ್ಲಿ ಇವಳೇ ಬಾಲ. ಮತ್ತೆ ಸ್ಟ್ಯಾಂಡ್‌ಬೈ, ಕೇಳಿದ ರಜಾ ಸಿಗುವುದಿಲ್ಲ.

“ಅಮಾಸೆ ತಪ್ಪೋಯ್ತದೆ ಅಂತಳೆ ಅತ್ಗೆ. ಮೂರ್ನೇ ಸಲ ಕೇಳವ್ರೆ. ಇದೂ ಬೇಡ ಅಂದ್ಬುಟ್ರೆ ಇನ್ಯಾವಾಗ್ಲೋ” ಎಂದಳು.

ಅವಳು ಬೆಟ್ಟಕ್ಕೆ ಬರುತ್ತಿದ್ದದ್ದು ಮಾದಪ್ಪನಿಗಲ್ಲ, ನನಗೆ ಜೊತೆಯಾಗಲು ಎಂದು ನನಗೆ ಹೊಳೆದದ್ದು ಆಗಲೇ. ಆ ಅಮಾವಾಸ್ಯೆಗೆ ನನಗೆ ನೆಗಡಿ, ಬರಬೇಡ ಎಂದು ಅವಳಿಗೆ ಹೇಳಿ, ಬೆಳಿಗ್ಗೆ ಒಬ್ಬಳೇ ಚಾಮರಾಜನಗರದ ಬಸ್ ಸ್ಟ್ಯಾಂಡಿಗೆ ಹೋದೆ. ಎರಡು ಬಸ್ಸು ಬಿಟ್ಟೆ, ಜನ ನುಗ್ಗಿದ್ದು ನೋಡಿ ಹಿಂದೆ ಸರಿದೆ. ಮೂರನೆಯದಕ್ಕೆ ಯಾರದೋ ಮೊಣಕೈ ತಿಂದು, ಯಾರದೋ ಕಾಲು ತುಳಿದು ಹತ್ತಿಬಿಟ್ಟೆ! ಬೆಟ್ಟದ ಗದ್ದಲದಲ್ಲಿ ನಿಂತು ಅವಳಿಗೆ ಫೋನು ಹಚ್ಚಿದೆ.

“ಏನತ್ತೆ ಅಷ್ಟು ಗಲಾಟೆ? ಎಲ್ಲಿದ್ದೀಯೆ?”

“ಬೆಟ್ಟದಲ್ಲಿವ್ನಿ ಕಣಮ್ಮಿ. ಒಬ್ಬಳೇ ಬಂದಿವ್ನಿ. ನೀನಿನ್ನು ಕ್ಯಾಪ್ಟನ್ ಆಗೋಗು.”

ಆ ಕಡೆಯಿಂದ ಮೂಗೆಳೆದುಕೊಂಡ ಸದ್ದು. “ಡ್ರೈವರ್ ತಿರುವು ಹೆಂಗೆ ತಿರುಗಿಸ್ದ?” ಎಂದಳು. ನಿನ್ನಷ್ಟಿಲ್ಲ ಎಂದೆ.

ಈಗ ಅವಳು ಕ್ಯಾಪ್ಟನ್. ಮತ್ತೆ ಬೂಟು ಹಾಕಿಕೊಂಡು, ಫೋನು ನಲ್ಲಿಗೆ ನೇತುಹಾಕಿಕೊಂಡು ಕಾಯುತ್ತಾಳೆ. ಅಮಾವಾಸ್ಯೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಬದಿಯ ಸೀಟಿನ ಮೇಲೆ ನನ್ನ ಬ್ಯಾಗು ಇಟ್ಟಿರುತ್ತೇನೆ. ಬಸ್ಸು ಹೊರಡುವ ತನಕ ತೆಗೆಯುವುದಿಲ್ಲ. ಯಾರಿಗೆ ಗೊತ್ತು, ಅವಳಿಗೂ ಕೇಳದೆಯೇ ಒಂದು ಅಮಾವಾಸ್ಯೆ ಸಿಕ್ಕಿಬಿಟ್ಟರೆ?

ಹೋದ ತಿಂಗಳು ಕಂಡಕ್ಟರ್ ಗದರಿದ. “ಜನ ನಿಂತವ್ರೆ, ಯಾರಿಗವ್ವ ಸೀಟು ಹಿಡ್ದಿದ್ದೀಯೆ?”

ನಾಲ್ಕು ಜನರೇನು, ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ನಾನು ತಲೆಯೆತ್ತಿ, “ಕ್ಯಾಪ್ಟನ್‌ಗೆ ಕಣಪ್ಪ” ಎಂದೆ.

ವಿಸಿಲನ್ನು ಬಾಯಿಗಿಟ್ಟಿದ್ದವನು ಊದಲಿಲ್ಲ. ಬಾಗಿಲಿಂದ ಕತ್ತು ಚಾಚಿ, ಸ್ಟ್ಯಾಂಡಿನ ಉದ್ದಕ್ಕೂ ಒಮ್ಮೆ ನೋಡಿದ.